ಬಡಾವಣೆಗೆ ಮೊದಲು ಇಲ್ಲಿ ಏನಿತ್ತು?

ನಿಮ್ಮ ಬೀದಿ, ನಿಮ್ಮ ಪ್ರಶ್ನೆ: ನಿವೃತ್ತ ಭೂಮಾಪಕರೊಬ್ಬರ ಉತ್ತರ

ಪ್ರಶ್ನೆ: ಸರ್, ನಮ್ಮ ಬಡಾವಣೆಯ ಚರಿತ್ರೆ ಬಗ್ಗೆ ಕಾಲೇಜಿನಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಯಾರನ್ನು ಕೇಳಿದರೂ ಒಂದೇ ಮಾತು. ‘ಪ್ಲೇಗ್ ಬಂತು, ಸರ್ಕಾರ ಬಡಾವಣೆ ಮಾಡಿತು, ಅದಕ್ಕೆ ಮೊದಲು ಬರೀ ಕಾಡಿತ್ತು’ ಅಂತಾರೆ. ನಮ್ಮ ಕಥೆ ಇಷ್ಟೇನಾ? ಹೊಸದಾಗಿ ಬರೆಯಲು ಏನಾದರೂ ಇದೆಯಾ?
ಪದವಿ ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ತುಂಬಾ ಇದೆಯಮ್ಮ. ಆ ‘ಬರೀ ಕಾಡು’ ಅನ್ನುವ ಮಾತಿದೆಯಲ್ಲ, ಮೊದಲು ಅದನ್ನು ಪಕ್ಕಕ್ಕಿಡಿ. ಸರ್ವೆ ಇಲಾಖೆಯಲ್ಲಿ ಚೈನು ಹಿಡಿದು ಓಡಾಡಿದವನು ನಾನು. ಬೆಂಗಳೂರಿನ ಸುತ್ತ ಯಾರೂ ತುಳಿಯದ ಜಾಗವನ್ನು ನಾನು ಕಂಡಿಲ್ಲ. ಕಾಡು ಅಂದ ಕಡೆ ದನ ಮೇಯುವ ಕಾವಲು ಇರುತ್ತಿತ್ತು. ಖಾಲಿ ಅಂದ ಕಡೆ ಯಾರದೋ ರಾಗಿ ಹೊಲ ಇರುತ್ತಿತ್ತು. ಪ್ರತಿ ಬಡಾವಣೆಯ ಕೆಳಗೂ ಒಂದು ಊರಿದೆ.

ನಿಮ್ಮ ಬಡಾವಣೆಯ ಕೆಳಗಿರುವ ಊರು ಮಲ್ಲಾಪುರ. ಕಾಡು ಮಲ್ಲೇಶ್ವರ ದೇವಸ್ಥಾನದ ಹತ್ತಿರದ ಬಂಡೆಯ ಮೇಲೆ 1669ರಲ್ಲಿ ಒಂದು ಶಾಸನ ಬರೆಸಿದರು. ಬರೆಸಿದವನು ಏಕೋಜಿ. ಷಹಾಜಿಯ ಮಗ, ಶಿವಾಜಿಯ ಮಲಸಹೋದರ. ಬಿಜಾಪುರದವರು 1638ರಲ್ಲಿ ಬೆಂಗಳೂರನ್ನು ಗೆದ್ದ ಮೇಲೆ ಷಹಾಜಿಗೆ ಜಹಗೀರಾಗಿ ಕೊಟ್ಟರು. ಅವನ ನಂತರ ಇಲ್ಲಿ ಏಕೋಜಿಯ ಕೈ ನಡೆಯಿತು. ಬೆಂಗಳೂರಿನ ಮಹಾನಾಡಿನವರು ಕೇಳಿಕೊಂಡಿದ್ದಕ್ಕೆ, ಮಲ್ಲಾಪುರದ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿ ಅನ್ನುವ ಊರನ್ನು ಅವನು ಬಿಟ್ಟುಕೊಟ್ಟ. ಶಾಸನ ಹೇಳುವುದು ಇದನ್ನು.

ದೊರೆಯ ಹೆಸರು ಓದಿ ಅಲ್ಲೇ ನಿಂತುಬಿಡಬೇಡಿ. ಒಂದು ಹಳ್ಳಿಯನ್ನು ದೇವರಿಗೆ ಬಿಟ್ಟರು ಅಂದರೆ ಅಲ್ಲಿ ಕಂದಾಯ ಹುಟ್ಟುತ್ತಿತ್ತು. ಕಂದಾಯ ಹುಟ್ಟಬೇಕಾದರೆ ಉಳುವವರು ಬೇಕು, ನೀರು ಬೇಕು, ಹೊಲಕ್ಕೆ ಗಡಿ ಬೇಕು. ಪ್ಲೇಗ್ ಬರುವುದಕ್ಕೆ ಇನ್ನೂರು ವರ್ಷ ಮೊದಲೇ ಇಲ್ಲೆಲ್ಲ ಬೇಸಾಯದ ಊರುಗಳಿದ್ದವು. ಆಳುವವನ ಮುಂದೆ ನಿಂತು ‘ನಮ್ಮ ದೇವರಿಗೆ ಒಂದು ಊರು ಬಿಡಿ’ ಅಂತ ಕೇಳುವಷ್ಟು ಗಟ್ಟಿಯಾದ ನಾಡಸಭೆಯೂ ಇತ್ತು. ಮೇದರು ಬಿದಿರು ಸೀಳಿ ಬುಟ್ಟಿ, ಮೊರ ಹೆಣೆಯುವವರು. ಅವರ ಹೆಸರು ಹೊತ್ತ ಆ ಹಳ್ಳಿ ಈಗ ಯಾರ ಬಾಯಲ್ಲೂ ಇಲ್ಲ. ಆ ಬಂಡೆ ಇಲ್ಲದಿದ್ದರೆ ನಮಗೂ ತಿಳಿಯುತ್ತಿರಲಿಲ್ಲ.

ಇನ್ನು ಪ್ಲೇಗ್. ಎಲ್ಲರೂ ಅದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ರೋಗ ಬಂದದ್ದು 1898ರ ಆಗಸ್ಟ್‌ನಲ್ಲಿ. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಗಾಳಿ ಬೆಳಕು ಕಡಿಮೆ. ಕಾಳಿನ ಮಂಡಿಗಳಲ್ಲಿ ಇಲಿಗಳು. ಸಾವಿರಾರು ಜನ ಸತ್ತರು. ಮನೆ ಖಾಲಿ ಮಾಡಿಸಿ ಜನರನ್ನು ಊರಾಚೆ ಬಯಲಿನ ಗುಡಿಸಲುಗಳಿಗೆ ಕಳಿಸಿದರು. ರೋಗದ ಸುದ್ದಿ ಬೇಗ ಮುಟ್ಟಲಿ ಅಂತ ಊರಿನಲ್ಲಿ ಟೆಲಿಫೋನ್ ತಂತಿ ಎಳೆದದ್ದೂ ಆಗಲೇ. ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಮಲ್ಲೇಶ್ವರ, ಬಸವನಗುಡಿಗಳ ಯೋಜನೆ ಅದಕ್ಕೆ ಕೆಲವು ವರ್ಷ ಮೊದಲೇ ಇತ್ತು. ರೋಗ ಬಂದ ಮೇಲೆ ಕೆಲಸ ಚುರುಕಾಯಿತು. ಈಗ ನಾವು ಹೊಗಳುವ ಅಗಲ ರಸ್ತೆ, ಮನೆಯ ಸುತ್ತಲಿನ ಜಾಗ, ನೇರ ಅಡ್ಡರಸ್ತೆಗಳ ಹಿಂದೆ ಆ ಸಾವುಗಳಿವೆ.

ಆದರೆ ನಿಮ್ಮ ಪ್ರಾಜೆಕ್ಟಿಗೆ ಬೇಕಾದ ವಿಷಯ ಇರುವುದು ಮನೆಗಳ ಹಿಂದೆ. ಹಳೇ ಮಲ್ಲೇಶ್ವರದಲ್ಲಿ ಎರಡು ಸಾಲು ಮನೆಗಳು ಬೆನ್ನಿಗೆ ಬೆನ್ನು ಕೊಟ್ಟ ಕಡೆ ನಡುವೆ ಒಂದು ಸಣ್ಣ ಓಣಿ ಬಿಟ್ಟಿದ್ದಾರೆ. ಕನ್ಸರ್ವೆನ್ಸಿ ಲೇನ್ ಅಂತಾರೆ. ಆಗ ಒಳಚರಂಡಿ ಇರಲಿಲ್ಲ. ಕಕ್ಕಸು ಹಿತ್ತಲಿನ ಕೊನೆಯಲ್ಲಿ ಇರುತ್ತಿತ್ತು. ಅದನ್ನು ಬಳಿದು ಹೊತ್ತು ಸಾಗಿಸುವ ಜನ ಆ ಓಣಿಯಲ್ಲೇ ಬಂದು ಆ ಓಣಿಯಲ್ಲೇ ಹೋಗಬೇಕಿತ್ತು. ಮನೆಯ ಮುಂಬಾಗಿಲು ಅವರಿಗಲ್ಲ. ಅಸ್ಪೃಶ್ಯತೆಗೆ ನಕ್ಷೆಯಲ್ಲೇ ಒಂದು ದಾರಿ ಎಳೆದಿಟ್ಟಿದ್ದರು. ಆ ಕಾಲದ ಬಡಾವಣೆಗಳಲ್ಲಿ ನಿವೇಶನಗಳನ್ನು ಜಾತಿವಾರು ಬ್ಲಾಕ್ ಮಾಡಿ ಹಂಚಿದ್ದೂ ಉಂಟು. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ. ಸಚಿವ ಬಿ. ಬಸವಲಿಂಗಪ್ಪ ಅದಕ್ಕಾಗಿ ಹಟ ಹಿಡಿದರು. ಅಂದರೆ ಬಡಾವಣೆ ಶುರುವಾಗಿ ಎಪ್ಪತ್ತು ವರ್ಷ ಆದ ಮೇಲೆ.

ಸಿ.ವಿ. ರಾಮನ್ ಅವರ ಮನೆ, ಸಂಪಿಗೆ ರಸ್ತೆಯ ಹಳೇ ಬಂಗಲೆಗಳು, ಇವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಇದ್ದಾರೆ. ಆ ಓಣಿಯ ಬಗ್ಗೆ ನೀವು ಬರೆಯಿರಿ. ಎಷ್ಟು ಓಣಿ ಉಳಿದಿವೆ, ಎಲ್ಲಿ ಗೋಡೆ ಎಬ್ಬಿಸಿ ಒಳಗೆ ಸೇರಿಸಿಕೊಂಡಿದ್ದಾರೆ, ಎಲ್ಲಿ ಹಳೇ ಹಿಂಬಾಗಿಲು ಇನ್ನೂ ಇದೆ. ಒಂದೊಂದೇ ನಡೆದು ನಕ್ಷೆ ಬರೆಯಿರಿ. ಆ ಕೆಲಸ ಮಾಡಿದವರ ಮಕ್ಕಳು, ಮೊಮ್ಮಕ್ಕಳು ಇದೇ ಊರಿನಲ್ಲಿ ಇದ್ದಾರೆ. ಅವರು ಮಾತಾಡಲು ಒಪ್ಪಿದರೆ ಕೇಳಿ ಬರೆದುಕೊಳ್ಳಿ. ಒಪ್ಪದಿದ್ದರೆ ಬಲವಂತ ಬೇಡ. ಆ ನೋವನ್ನು ನಿಮ್ಮ ಅಂಕಕ್ಕಾಗಿ ಅವರು ತೆರೆದಿಡಬೇಕಿಲ್ಲ.

ಇನ್ನೊಂದು ಜಾಗ ನೋಡಿ ಬನ್ನಿ. ಕಾಡು ಮಲ್ಲೇಶ್ವರನ ಎದುರಿಗೆ ನಂದಿ ತೀರ್ಥ ಇದೆ. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬಿದ್ದು ಕಲ್ಯಾಣಿಗೆ ಇಳಿಯುತ್ತದೆ. ಇಡೀ ಕಲ್ಯಾಣಿ ಮಣ್ಣಿನಲ್ಲಿ ಮುಚ್ಚಿಹೋಗಿತ್ತು. ಮತ್ತೆ ಹೊರಗೆ ತೆಗೆದದ್ದು 1997ರಲ್ಲಿ. ಅಷ್ಟು ಜನ ಓಡಾಡುವ ಜಾಗದಲ್ಲಿ ಒಂದು ಕಲ್ಯಾಣಿಯೇ ನೆನಪಿನಿಂದ ಜಾರಿತ್ತು ಅಂದರೆ, ಒಂದು ಹಳ್ಳಿ ಜಾರುವುದು ಏನು ಕಷ್ಟ?

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ನಮ್ಮದು 1990ರ ಸುಮಾರಿಗೆ ಆದ ರೆವಿನ್ಯೂ ಬಡಾವಣೆ. ‘ನಮ್ಮ ಏರಿಯಾಗೆ ಎಂಥ ಹಿಸ್ಟರಿ ಅಪ್ಪಾ’ ಅಂತ ಮಕ್ಕಳು ನಗುತ್ತಾರೆ. ದೇವಸ್ಥಾನ, ಶಾಸನ ಯಾವುದೂ ಇಲ್ಲ. ಎಲ್ಲಿಂದ ಶುರು ಮಾಡಲಿ?
ಓದುಗರು, ಬೆಂಗಳೂರು ದಕ್ಷಿಣ

ಉತ್ತರ: ನಿಮ್ಮ ಬೀರುವಿನಿಂದ ಶುರು ಮಾಡಿ ಸರ್. ಮನೆಯ ಕ್ರಯಪತ್ರ ತೆಗೆಯಿರಿ. ಅದರ ಜೊತೆ ಮೂಲಪತ್ರದ ನಕಲು ಇದ್ದರೆ ಇನ್ನೂ ಒಳ್ಳೆಯದು. ನೀವು ಬ್ಯಾಂಕಿನವರು, ಸಾಲಕ್ಕಾಗಿ ಇಂಥ ಪತ್ರಗಳನ್ನು ಎಷ್ಟೋ ನೋಡಿರುತ್ತೀರಿ. ಈ ಸಲ ಬೇರೆ ಕಣ್ಣಿನಿಂದ ಓದಿ.

ಕೊನೆಯ ಪುಟದಲ್ಲಿ ಷೆಡ್ಯೂಲ್ ಇರುತ್ತದೆ. ಇಂಥ ಗ್ರಾಮ, ಇಂಥ ಹೋಬಳಿ, ಸರ್ವೆ ನಂಬರ್ ಇಷ್ಟು. ಅದರ ಕೆಳಗೆ ಚಕ್ಕುಬಂದಿ. ಈಗಿನ ಪತ್ರದಲ್ಲಿ ‘ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ ಇಷ್ಟು’ ಅಂತ ಇರುತ್ತದೆ. ಮೂಲಪತ್ರಕ್ಕೆ ಹೋದರೆ ಅದೇ ಜಾಗದ ಚಕ್ಕುಬಂದಿ ಪೂರ್ತಿ ಬೇರೆ. ‘ಪೂರ್ವಕ್ಕೆ ಕೆರೆ ಏರಿ, ಪಶ್ಚಿಮಕ್ಕೆ ಬಂಡಿ ದಾರಿ, ಉತ್ತರಕ್ಕೆ ಗುಂಡುತೋಪು’ ಅಂತ ಬರೆದಿರುತ್ತಾರೆ. ಬಡಾವಣೆಗೆ ಮೊದಲಿನ ಊರು ನಿಮ್ಮ ಕಣ್ಣಿಗೆ ಬೀಳುವುದು ಅಲ್ಲಿ. ಇಂಥ ಚಕ್ಕುಬಂದಿಗಳನ್ನು ಓದುವಾಗ ನನಗೆ ಇಂದಿಗೂ ಮೈ ನವಿರೇಳುತ್ತದೆ.

ಬಡಾವಣೆಗೆ ಜಮೀನು ಮಾರಿದ ರೈತರಿಗೆ ಅದು ಹೇಗೆ ಬಂತು ಅನ್ನುವುದೂ ಮೂಲಪತ್ರದ ಮೊದಲ ಪುಟಗಳಲ್ಲಿ ಇರುತ್ತದೆ. ಇದನ್ನು ಯಾರೂ ಓದುವುದಿಲ್ಲ. 1954, 1955ರ ಇನಾಂ ರದ್ದತಿ ಕಾಯ್ದೆಗಳ ಮಾತು ಇದ್ದರೆ, ಅದು ಒಂದು ಕಾಲದಲ್ಲಿ ದೇವಸ್ಥಾನಕ್ಕೋ ಮಠಕ್ಕೋ ಯಾರೋ ಇನಾಮುದಾರರಿಗೋ ಸೇರಿದ್ದ ನೆಲ. ಭೂ ನ್ಯಾಯಮಂಡಳಿಯ ಆದೇಶ ಅಂತ ಇದ್ದರೆ, ಗೇಣಿಗೆ ಉಳುತ್ತಿದ್ದವರು ಭೂ ಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯ ನಂತರ ಅರ್ಜಿ ಹಾಕಿ ಪಡೆದ ನೆಲ. ತೋಟಿ, ತಳವಾರಿ, ನೀರಗಂಟಿ ಇನಾಂ ಅಂತ ಇದ್ದರೆ ಊರಿನ ಚಾಕರಿಗೆ ಕೊಟ್ಟ ನೆಲ. ಇದು ಯಾರ ಬೆವರಿನ ಜಾಗ ಅಂತ ಮಕ್ಕಳಿಗೆ ಹೇಳಲು ನಿಮಗೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ.

ಆಮೇಲೆ ಗ್ರಾಮ ನಕ್ಷೆ. ಸರ್ವೆ ಇಲಾಖೆಯಲ್ಲಿ ಪ್ರತಿ ಹಳ್ಳಿಗೂ ಇದೆ. ಎಂಟು ಇಂಚಿಗೆ ಒಂದು ಮೈಲಿ ಅಳತೆ. ಮೈಸೂರು ಸೀಮೆಯಲ್ಲಿ ಕಂದಾಯ ಸರ್ವೆ ಶುರುವಾದದ್ದು 1860ರ ದಶಕದಲ್ಲಿ. ಆಗಿನವರು 33 ಅಡಿಯ ಚೈನು ಹಿಡಿದು ಹೊಲ ಹೊಲ ಅಳೆದರು. ಒಂದು ಚೈನಿಗೆ 16 ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ. ಹೊಲದ ಆಕಾರ, ಅಳತೆ, ಗಡಿಕಲ್ಲು ಎಲ್ಲ ಟಿಪ್ಪಣಿ ಅನ್ನುವ ಸರ್ವೆ ದಾಖಲೆಯಲ್ಲಿ ಇರುತ್ತದೆ. ಮಳೆ ಬಿಸಿಲೆನ್ನದೆ ಕೆರೆ ಅಂಗಳದಲ್ಲಿ, ಕಳ್ಳಿ ಬೇಲಿಯಲ್ಲಿ ನಡೆದವರ ಕೈಬರಹ ಅದು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ಬಡಾವಣೆಯ ಸೈಟುಗಳೆಲ್ಲ ಅವರು ನೆಟ್ಟ ಕಲ್ಲಿನಿಂದ ಅಳೆದು ಬಂದವು.

ಮೊಬೈಲ್ ಇದ್ದರೆ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ನೀವು ನಿಂತ ಜಾಗದ ಗ್ರಾಮ, ಸರ್ವೆ ನಂಬರ್ ತೋರಿಸುತ್ತದೆ. ಸುಮ್ನೆ ಒಂದು ಬೆಳಗ್ಗೆ ಅದನ್ನು ಹಿಡಿದು ವಾಕಿಂಗ್ ಹೋಗಿ. ಪಹಣಿ, ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಬರೆದ ಆಕಾರ್‌ಬಂದ್‌ನಲ್ಲಿ ಖರಾಬು ಅಂತ ಬರೆದ ನಂಬರ್‌ಗಳನ್ನು ಜಾಸ್ತಿ ಗಮನಿಸಿ. ಬೇಸಾಯಕ್ಕೆ ಬರದ್ದು ಅಂತ ಬಿಟ್ಟ ನೆಲ ಅದು. ಅದರಲ್ಲಿ ‘ಬಿ’ ಖರಾಬು ಅಂದರೆ ಎಲ್ಲರಿಗೂ ಸೇರಿದ್ದು. ಕೆರೆ, ಹಳ್ಳ, ದಾರಿ, ಸ್ಮಶಾನ. ಒಂದು ಊರಿನ ಬದುಕು ನಡೆದದ್ದು ಇಂಥ ಜಾಗಗಳಲ್ಲೇ. ಬಡಾವಣೆ ಬಂದಾಗ ಮೊದಲು ಕಣ್ಮರೆಯಾಗಿದ್ದೂ ಇವೇ.

ದೇವಸ್ಥಾನ ಇಲ್ಲ ಅಂದಿರಿ. ಒಮ್ಮೆ ಮೂಲೆಗಳನ್ನು ನೋಡಿ. ಎಲ್ಲೋ ಒಂದು ಕಡೆ ಬೇವಿನ ಮರದ ಕೆಳಗೆ ಅರಿಶಿನ ಕುಂಕುಮ ಹಚ್ಚಿದ ಕಲ್ಲು ಇರುತ್ತದೆ. ಮಾರಮ್ಮನೋ ಮುನೇಶ್ವರನೋ ಇರಬಹುದು. ಅಂಥ ಕಲ್ಲು ಕೆರೆ ಏರಿಯ ತುದಿಯಲ್ಲೋ ಊರಿನ ಗಡಿಯಲ್ಲೋ ನಿಂತಿರುತ್ತದೆ. ಗ್ರಾಮ ನಕ್ಷೆಯ ಮೇಲೆ ಆ ಜಾಗವನ್ನು ಗುರುತು ಮಾಡಿ. ಏರಿ, ತೂಬು, ಕೋಡಿ ಎಲ್ಲಿದ್ದವು ಅನ್ನುವುದು ಅಲ್ಲಿಂದ ಬಿಡಿಸಿಕೊಳ್ಳುತ್ತದೆ.

ಪ್ರಶ್ನೆ: ಅಣ್ಣಾ, ನಮ್ಮ ಅಜ್ಜಿ ಮನೆಯವರು ಸಂಪಂಗಿ ಕೆರೆ ನೀರಿನಲ್ಲಿ ಸೊಪ್ಪು, ಹೂವು ಬೆಳೆಯುತ್ತಿದ್ದರು ಅಂತ ನಮ್ಮ ಮನೆಯಲ್ಲಿ ಹೇಳುತ್ತಾರೆ. ಒಂದು ಕಾಗದವೂ ನಮ್ಮ ಹತ್ತಿರ ಇಲ್ಲ. ಇದನ್ನೆಲ್ಲ ಇತಿಹಾಸ ಅನ್ನುತ್ತಾರಾ? ಮೆಜೆಸ್ಟಿಕ್ ಕೂಡ ಕೆರೆಯಾಗಿತ್ತಂತೆ, ನಿಜವಾ?
ಓದುಗರು, ತಿಗಳರಪೇಟೆ

ಉತ್ತರ: ನಿಮ್ಮ ಅಜ್ಜಿಯ ಮಾತು ಇತಿಹಾಸವೇ ತಮ್ಮಾ. ಬರೆದಿಟ್ಟವರು ಕಡಿಮೆ, ಅಷ್ಟೇ. ಈ ಊರಿಗೆ ಸೊಪ್ಪು, ತರಕಾರಿ, ಹೂವು ಬೆಳೆದು ಕೊಟ್ಟವರು ತಿಗಳರು. ಸಂಪಂಗಿ ಕೆರೆ ಇದ್ದ ಜಾಗದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ. ಒಂದು ಸಣ್ಣ ಹೊಂಡದಷ್ಟು ನೀರು ಮಾತ್ರ ಉಳಿದಿದೆ. ಆ ಹೊಂಡವನ್ನು ಉಳಿಸಿದ್ದು ನಿಮ್ಮ ಕರಗ. ಹಸಿ ಕರಗ ಬರುವುದು ಇಂದಿಗೂ ಸಂಪಂಗಿ ಕೆರೆಯಿಂದಲೇ ಅಲ್ವಾ? ಚೈತ್ರದ ಹುಣ್ಣಿಮೆ ರಾತ್ರಿ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟ ಕರಗ ಪೇಟೆ ಬೀದಿಗಳನ್ನು ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಸಾವಿರಾರು ಜನ ನೋಡುತ್ತಾರೆ. ಅವರಲ್ಲಿ ಆ ಹೊಂಡದ ಹತ್ತಿರ ಹೋಗಿ, ಇಲ್ಲಿ ಒಂದು ಕೆರೆ ಇತ್ತು, ಅದರ ಕೆಳಗೆ ತೋಟಗಳಿದ್ದವು ಅಂತ ನೆನೆಯುವವರು ಕೆಲವರು ಮಾತ್ರ.

ಮೆಜೆಸ್ಟಿಕ್ ಮಾತೂ ನಿಜ. ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಪೇಟೆಯ ಜನ ಕುಡಿದದ್ದು ಆ ಕೆರೆಯ ನೀರನ್ನು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಅಲ್ಲಿಂದ ಮುಂದೆ ಊರೊಳಗಿನ ಕೆರೆಗಳನ್ನು ಕೇಳುವವರಿಲ್ಲದಾಯಿತು. ನೀರು ಬರುವ ಕಾಲುವೆಗಳು ಮುಚ್ಚಿದವು, ಕೆರೆ ಬತ್ತಿತು, ಬತ್ತಿದ ಮೇಲೆ ‘ಖಾಲಿ ಜಾಗ’ ಅನ್ನಿಸಿಕೊಂಡಿತು. ಆಮೇಲೆ ಬಂದ ಮೆಜೆಸ್ಟಿಕ್ ಚಿತ್ರಮಂದಿರದ ಹೆಸರೇ ಇಡೀ ಪ್ರದೇಶಕ್ಕೆ ನಿಂತಿತು. ಈಗ ಆ ಚಿತ್ರಮಂದಿರವೂ ಇಲ್ಲ. ಗುರುತು ಬೇಕಾದರೆ ಅಣ್ಣಮ್ಮನ ಗುಡಿಗೆ ಹೋಗಿ. ಆಕೆ ಕೆರೆ ದಡದ ದೇವತೆ. ಟ್ಯಾಂಕ್ ಬಂಡ್ ರಸ್ತೆ ಅನ್ನುವ ಹೆಸರೂ ಇನ್ನೂ ಬಳಕೆಯಲ್ಲಿ ಇದೆ. ಏರಿ ಹೋಯಿತು, ಏರಿ ಮೇಲಿನ ದಾರಿಯ ಹೆಸರು ಉಳಿಯಿತು. ಶೂಲೆ ಕೆರೆ ಫುಟ್‌ಬಾಲ್ ಕ್ರೀಡಾಂಗಣವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು. ಕೋರಮಂಗಲದ ಒಂದು ಕೆರೆಯಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಮನೆಗಳು ಎದ್ದವು. ಮಳೆ ಜೋರಾದರೆ ನೀರು ತನ್ನ ಹಳೇ ಜಾಗ ಹುಡುಕಿಕೊಂಡು ಬರುತ್ತದೆ. ಪತ್ರಿಕೆಯವರು ಅದನ್ನು ಪ್ರವಾಹ ಅಂತಾರೆ. ಗ್ರಾಮ ನಕ್ಷೆ ನೋಡಿದವನಿಗೆ ಅದರಲ್ಲಿ ಆಶ್ಚರ್ಯ ಇಲ್ಲ, ಸಿಟ್ಟು ಬರುತ್ತದೆ.

ಕೆರೆ ಹೋಯಿತು ಅಂತ ನಾವೆಲ್ಲ ಕೊರಗುತ್ತೇವೆ. ಅದರ ಕೆಳಗಿನ ಅಚ್ಚುಕಟ್ಟಿನಲ್ಲಿ ದುಡಿಯುತ್ತಿದ್ದವರು ಎಲ್ಲಿಗೆ ಹೋದರು ಅಂತ ಕೇಳುವವರು ಕಡಿಮೆ. ನನಗೆ ಅದೇ ಮುಖ್ಯ ಪ್ರಶ್ನೆ. ನಿಮ್ಮ ಮನೆಯ ಹಿರಿಯರು ಯಾರಾದರೂ ಇದ್ದರೆ ಈ ವಾರವೇ ಕೂತು ಕೇಳಿ. ‘ಇತಿಹಾಸ ಹೇಳಿ’ ಅಂದರೆ ಯಾರಿಗೂ ಮಾತು ಬರುವುದಿಲ್ಲ. ಹೀಗೆ ಕೇಳಿ: ತೋಟಕ್ಕೆ ನೀರು ಎಲ್ಲಿಂದ ಬರುತ್ತಿತ್ತು? ತೂಬು ಎತ್ತುವ ನೀರಗಂಟಿ ಯಾರು? ಗೇಣಿ ಎಷ್ಟು, ಯಾರಿಗೆ ಕೊಡುತ್ತಿದ್ದಿರಿ? ಸೊಪ್ಪಿನ ಗಂಟು ಹೊತ್ತು ಯಾವ ದಾರಿಯಲ್ಲಿ ಮಾರ್ಕೆಟ್ಟಿಗೆ ಹೋಗುತ್ತಿದ್ದಿರಿ? ಜಾಗ ಬಿಡಿ ಅಂದ ದಿನ ಮನೆಯಲ್ಲಿ ಏನು ಮಾತಾಯಿತು? ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಯಾರ ಮಾತು, ಯಾವ ದಿನ, ಎಲ್ಲಿ ಕೂತು ಆಡಿದ್ದು ಅಂತ ಶುರುವಿನಲ್ಲೇ ಹೇಳಿಸಿ. ಸಾಧ್ಯವಾದರೆ ಅವರನ್ನೇ ಆ ಜಾಗಕ್ಕೆ ಕರೆದುಕೊಂಡು ಹೋಗಿ. ನೆಲದ ಮೇಲೆ ನಿಂತಾಗ ನೆನಪು ಬೇರೆ ರೀತಿ ಬರುತ್ತದೆ. ‘ಇಲ್ಲಿ ಒಂದು ಬಾವಿ ಇತ್ತು’ ಅಂತ ಕೈ ತೋರಿಸುತ್ತಾರೆ. ಹಾಗೆ ತೋರಿಸಿದ ಜಾಗಗಳನ್ನು ಟಿಪ್ಪಣಿ ಜೊತೆ ಇಟ್ಟು ನೋಡಿದಾಗ ಬಾವಿಯ ಗುರುತು ಸಿಕ್ಕಿದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಬಸವನಗುಡಿ ಕಡೆ ಹೋಗುವಾಗ ‘ಟಾಟಾ ಸಿಲ್ಕ್ ಫಾರ್ಮ್’ ಅಂತ ಬಸ್ ಸ್ಟಾಪ್ ಬರುತ್ತದೆ. ಅಲ್ಲಿ ರೇಷ್ಮೆಯೂ ಇಲ್ಲ, ಫಾರ್ಮೂ ಇಲ್ಲ. ಏನಿದು?
ಓದುಗರು, ಹನುಮಂತನಗರ

ಉತ್ತರ: ಇತ್ತು. 1890ರ ದಶಕದಲ್ಲಿ ಜೆಮ್‌ಶೆಟ್‌ಜಿ ಟಾಟಾ ಅಲ್ಲಿ ರೇಷ್ಮೆ ತೋಟ ಮಾಡಿಸಿದರು. ಜಪಾನಿನಿಂದ ಕೆಲಸ ಬಲ್ಲವರನ್ನು ಕರೆಸಿ, ಹಿಪ್ಪುನೇರಳೆ ಬೆಳೆಸಿ, ಹುಳು ಸಾಕಿ, ನೂಲು ತೆಗೆಯುವುದನ್ನು ಕಲಿಸಿದರು. ಮುಂದೆ ಅದು ಸಾಲ್ವೇಶನ್ ಆರ್ಮಿಯವರ ಕೈಗೆ ಹೋಯಿತು. ಈಗ ಉಳಿದದ್ದು ಕಂಡಕ್ಟರ್ ಕೂಗುವ ಹೆಸರು ಮಾತ್ರ. ನಿಮಗೆ ಹತ್ತಿರದ ಇನ್ನೊಂದು ಹಳೇ ಹೆಸರು ಹೇಳುತ್ತೇನೆ. ಬಸವನಗುಡಿ ಇರುವುದು ಸುಂಕೇನಹಳ್ಳಿಯ ನೆಲದಲ್ಲಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಆಗುತ್ತದಲ್ಲ, ಅದು ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆಯ ರೈತರು ತಾವೇ ಬೆಳೆದ ಕಡಲೆಕಾಯಿಯನ್ನು ಬಸವನಿಗೆ ತಂದು ಒಪ್ಪಿಸುತ್ತಿದ್ದ ಜಾತ್ರೆ. ಈಗ ಕಾಯಿ ದೂರದ ಊರುಗಳಿಂದ ಲಾರಿಯಲ್ಲಿ ಬರುತ್ತದೆ. ಮುಂದಿನ ಪರಿಷೆಯಲ್ಲಿ ಒಂದು ಸೇರು ಕೊಳ್ಳುವಾಗ ಆ ಮೂರು ಹಳ್ಳಿಗಳ ಹೆಸರನ್ನು ಮಕ್ಕಳಿಗೆ ಹೇಳಿ.

ಪ್ರಶ್ನೆ: ಬ್ರಿಟಿಷರ ಹೆಸರಿನ ರಸ್ತೆ, ಬಡಾವಣೆಗಳ ಹೆಸರನ್ನೆಲ್ಲ ಬದಲಾಯಿಸಬೇಕು ಅಂತ ನಮ್ಮ ಸಂಘದವರು ಹೇಳುತ್ತಾರೆ. ನಿಮ್ಮ ಅಭಿಪ್ರಾಯ?
ಓದುಗರು, ಪುಲಕೇಶಿನಗರ

ಉತ್ತರ: ಹೊಸ ಹೆಸರು ಇಡಲಿ. ಹಳೆಯದನ್ನು ಅಳಿಸಬಾರದು. ನಿಮ್ಮ ಬಡಾವಣೆಯನ್ನೇ ನೋಡಿ. 1906ರಲ್ಲಿ ಫ್ರೇಜರ್ ಟೌನ್ ಅಂತ ಶುರುವಾಯಿತು. ಪ್ಲೇಗ್ ನುಸುಳದ ಮನೆಗಳ ಊರು ಕಟ್ಟಬೇಕು ಅಂತ ಮಾಡಿದ್ದು. ಆ ಹೆಸರು ಪೂರ್ತಿ ಹೋದರೆ ಆ ಕಥೆಗೆ ದಾರಿಯೂ ಹೋಗುತ್ತದೆ. ಬೋರ್ಡಿನಲ್ಲಿ ಎರಡು ಸಾಲು ಹೆಚ್ಚು ಬರೆಯಲು ಎಷ್ಟು ಬಣ್ಣ ಬೇಕು? ಮೇಲೆ ಪುಲಕೇಶಿನಗರ, ಕೆಳಗೆ ಫ್ರೇಜರ್ ಟೌನ್, ಅದರ ಕೆಳಗೆ ಹಿಂದಿನ ಹಳ್ಳಿಯ ಹೆಸರು. ಮೂರೂ ಇರಲಿ.

ಈಗಿನ ನೃಪತುಂಗ ರಸ್ತೆ ಮೊದಲು ಸೆನೊಟಾಫ್ ರಸ್ತೆ ಆಗಿತ್ತು. 1791ರಲ್ಲಿ ಟಿಪ್ಪುವಿನ ಸೈನ್ಯದ ಮೇಲೆ ನಡೆದ ಯುದ್ಧದಲ್ಲಿ ಸತ್ತ ಬ್ರಿಟಿಷರ ನೆನಪಿನ ಕಂಬ ಅಲ್ಲಿತ್ತು. 1964ರಲ್ಲಿ ಅದನ್ನು ಕೆಡವಿದರು. ಕಂಬ ಹೋಗಿದ್ದಕ್ಕೆ ನಾನು ಅಳುವುದಿಲ್ಲ. ಆದರೆ ಕೆಡವಿದ ಮೇಲೆ ಇನ್ನೊಂದು ಕಡೆಯವರನ್ನು ನೆನೆಯುವ ಕೆಲಸವನ್ನಾದರೂ ಮಾಡಬೇಕಿತ್ತಲ್ಲ. ಮಾರ್ಕೆಟ್ ಹತ್ತಿರದ ಕೋಟೆ ಗೋಡೆಯಲ್ಲಿ, 1791ರ ಮಾರ್ಚ್ 21ರಂದು ಬ್ರಿಟಿಷರು ಇಲ್ಲಿಂದ ನುಗ್ಗಿದರು ಅಂತ ಒಂದು ಫಲಕ ಇದೆ. ಅದೇ ರಾತ್ರಿ ಕೋಟೆ ಕಾಯುತ್ತಾ ಸತ್ತ ಕಿಲ್ಲೇದಾರ, ಅಂದರೆ ಕೋಟೆಯ ಮುಖ್ಯಸ್ಥ, ಬಹದ್ದೂರ್ ಖಾನ್ ಹೆಸರನ್ನು ಈ ಊರಿನ ಎಷ್ಟು ಮಕ್ಕಳು ಕೇಳಿದ್ದಾರೆ? ಸಂಘದವರಿಗೆ ಉತ್ಸಾಹ ಇದ್ದರೆ ಅದನ್ನು ಇಂಥ ಕೆಲಸಕ್ಕೆ ಹಾಕಲಿ.

ಪ್ರಶ್ನೆ: ನಮ್ಮ ಪಕ್ಕದ ಸೈಟಿನಲ್ಲಿ ಪಾಯ ಅಗೆಯುವಾಗ ಉದ್ದದ ಒಂದು ಕಲ್ಲು ಸಿಕ್ಕಿದೆ. ಬಿಲ್ಲು ಹಿಡಿದ ಒಬ್ಬನ ಚಿತ್ರ, ಕೆಳಗೆ ಅಕ್ಷರದ ಹಾಗೆ ಏನೋ ಇದೆ. ಮೇಸ್ತ್ರಿ ಒಡೆದು ಪಾಯಕ್ಕೆ ಹಾಕೋಣ ಅಂತಿದ್ದಾನೆ. ಮನೆಯವರು ಪೂಜೆ ಮಾಡಿ ಬಣ್ಣ ಹೊಡೆಸೋಣ ಅಂತಿದ್ದಾರೆ. ಏನು ಮಾಡಬೇಕು?
ಗೃಹಿಣಿ, ಬೆಂಗಳೂರು ಉತ್ತರ

ಉತ್ತರ: ತಾಯಿ, ಎರಡೂ ಬೇಡ. ಈ ಸಂಚಿಕೆ ಕೈ ಸೇರುವ ಮೊದಲೇ ನಿಮಗೆ ಉತ್ತರ ಮುಟ್ಟಲಿ ಅಂತ ಸಂಪಾದಕರಿಗೆ ಹೇಳಿದ್ದೇನೆ. ಬೇರೆಯವರಿಗೂ ಉಪಯೋಗ ಆಗಲಿ ಅಂತ ಇಲ್ಲಿ ಮತ್ತೆ ಬರೆಯುತ್ತೇನೆ.

ಅದು ಬಹುಶಃ ವೀರಗಲ್ಲು. ಊರಿಗಾಗಿ, ದನಕರುಗಳಿಗಾಗಿ ಹೋರಾಡಿ ಸತ್ತವರಿಗೆ ನಿಲ್ಲಿಸುತ್ತಿದ್ದ ಕಲ್ಲು. ನಿಮ್ಮ ಕಡೆಯೇ ಹೆಬ್ಬಾಳದಲ್ಲಿ 2017ರಲ್ಲಿ ಇಂಥ ಒಂದು ಕಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750ನೇ ಇಸವಿ. ಕಿತ್ತಯ್ಯ ಅನ್ನುವವನು ಊರು ಕಾಯುತ್ತಾ ಸತ್ತ ಅಂತ ಅದರಲ್ಲಿ ಇದೆ. ಬೆಂಗಳೂರಿನಲ್ಲಿ ಇದುವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲೇ ಅದು ಹಳೆಯದು. ಕೆಂಪೇಗೌಡರು ಪೇಟೆ ಕಟ್ಟಿಸಿದ್ದು 1537ರಲ್ಲಿ. ಅದಕ್ಕೆ ಎಂಟುನೂರು ವರ್ಷ ಮೊದಲಿನ ಒಬ್ಬ ಸಾಮಾನ್ಯನ ಹೆಸರು ನಮಗೆ ಗೊತ್ತಾಗಿದ್ದು ಆ ಕಲ್ಲನ್ನು ಯಾರೂ ಪಾಯಕ್ಕೆ ಹಾಕಲಿಲ್ಲ ಅನ್ನುವ ಒಂದೇ ಕಾರಣಕ್ಕೆ. ಶಾಸನತಜ್ಞ ಬಿ.ಎಲ್. ರೈಸ್ ಅವರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನೆಲ್ಲ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿರುವ ಎಷ್ಟೋ ಕಲ್ಲುಗಳು ಇವತ್ತು ಆ ಜಾಗದಲ್ಲಿ ಇಲ್ಲ. ರಸ್ತೆಯ ಕೆಳಗೆ, ಗೋಡೆಯ ಒಳಗೆ ಸೇರಿಹೋದವು.

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ. ಜೆಸಿಬಿ ನಿಲ್ಲಿಸಲು ಹೇಳಿ. ಕಲ್ಲು ಸಿಕ್ಕ ಜಾಗದಲ್ಲಿ ಒಂದು ಗೂಟ ಹೊಡೆದು, ಎಷ್ಟು ಅಡಿ ಆಳದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿ ಬಿದ್ದಿತ್ತು ಅಂತ ಬರೆದಿಡಿ. ಮಣ್ಣನ್ನು ಮೆತ್ತಗಿನ ಬ್ರಷ್ ಮತ್ತು ಬರೀ ನೀರಿನಿಂದ ತೆಗೆಯಿರಿ. ತಂತಿ ಬ್ರಷ್, ಆಸಿಡ್, ಸೋಪು ಬೇಡ. ಎಣ್ಣೆ, ಬಣ್ಣ, ಸುಣ್ಣ ಯಾವುದೂ ಬೇಡ. ಅವು ಅಕ್ಷರದೊಳಗೆ ಕೂತರೆ ಓದಲು ಆಗುವುದಿಲ್ಲ. ಅಕ್ಷರದ ಮೇಲೆ ಸೀಮೆಸುಣ್ಣದಿಂದ ಗೀಚಲೂಬೇಡಿ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆದರೆ ಕೆತ್ತನೆ ಚೆನ್ನಾಗಿ ಕಾಣುತ್ತದೆ. ರಾತ್ರಿಯಾದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಪಕ್ಕದಲ್ಲಿ ಒಂದು ಅಳತೆ ಪಟ್ಟಿ ಇಡಿ. ಆಮೇಲೆ ರಾಜ್ಯದ ಪುರಾತತ್ವ ಇಲಾಖೆಗೆ ತಿಳಿಸಿ. ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಅಧ್ಯಯನದ ಸಂಸ್ಥೆ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಅವರಿಗೂ ಒಂದು ಮಾತು ಹೇಳಿ.

ಮನೆಯವರಿಗೆ ಪೂಜೆ ಮಾಡುವ ಆಸೆ ಇದ್ದರೆ ಕಲ್ಲಿನ ಮುಂದೆ ನೆಲದ ಮೇಲೆ ಹೂವು ಇಟ್ಟು ಕೈ ಮುಗಿಯಲಿ. ಅವನೂ ನಿಮ್ಮ ಊರಿನವನೇ. ಮೇಸ್ತ್ರಿಯ ಒಂದೆರಡು ದಿನದ ಕೂಲಿ ನಷ್ಟವಾದರೆ ಅದನ್ನು ತುಂಬಿಕೊಡಿ, ಆಗ ಅವನೇ ಕಲ್ಲನ್ನು ಕಾಯುತ್ತಾನೆ. ಇಲಾಖೆಯವರು ಬಂದು ನೋಡುವವರೆಗೆ ಪಾಯದ ಆ ಮೂಲೆಯ ಕೆಲಸ ಬಿಟ್ಟು ಉಳಿದದ್ದನ್ನು ಮುಂದುವರಿಸಬಹುದು. ಓದಿದ ಅಕ್ಷರಗಳಲ್ಲಿ ಯಾವುದಾದರೂ ಹೆಸರು ಸಿಕ್ಕರೆ ದಯವಿಟ್ಟು ನನಗೆ ಬರೆಯಿರಿ.